ಕೇರಿ

ನಮ್ಮ ಕಡೆ ಮನೀ ಸಾಲಿಗೂ ಕೇರಿ ಅಂತೀವಿ,
ಕೇರೆ ಹಾವಿಗೂ ಕೇರಿ.
ಒಂದರಾಗ ನಾ ಹುಟ್ಟಿದೆ,
ಇನ್ನೊಂದಕ್ಕ ಈಗ ಉಣಸತೀನಿ.

ಉಣಸೂದಂದರ ಇಲಿ.
ಬರ್ಫದಾಗ ಕಲ್ಲಾಗಿ, ಚೀಲದ ಮ್ಯಾಲ ತಾರೀಖು ಬರಸಿಕೊಂಡು
ವಿಮಾನ ಹತ್ತಿ ಬಂದಂಥಾವು.
ಬಿಸಿನೀರಾಗ ಕರಗಿಸಿ
ಚಿಮಟದಾಗ ಹಿಡದು ಕುಣಿಸಬೇಕು,
ಜೀವ ಐತಿ ಅನ್ನೋ ಹಂಗ.

ಮುಹರಕ್ಕಿನ ಹಳೇ ಓಣ್ಯಾಗ ಬು ಜಾಸಿಮರ ಮಾಳಿಗಿ,
ಅಲ್ಲಿ ಒಂದು ಖೋಲಿ, ಏಳು ಗಾಜಿನ ಪೆಟ್ಟಿಗಿ.
ಎ.ಸಿ. ರಿಪೇರಿಗೆ ಹೋಗಿದ್ದೆ.
ಅಂಜಿಕಿ ಐತೇನು ಅಂದ್ರು.
ಇಲ್ರಿ, ಇದು ಕೇರಿ ಅಂದೆ.
ತಿಳೀಲಿಲ್ಲ ಅವರಿಗೆ.
ಶುಕ್ರವಾರ ಶುಕ್ರವಾರ ಬಾ ಅಂದ್ರು.

ಕಾರ್ನ್ ಸ್ನೇಕು ಕೇಸರಿ ಬಣ್ಣದ್ದು, ಬಡಪಾಯಿ,
ಮಣಿಕಟ್ಟಿಗೆ ಸುತ್ತಿಕೊಂಡು ನಿದ್ದಿ ಮಾಡತೈತಿ.
ತೈವಾನದಾಕಿ ಎಂಟು ಫೂಟು,
ಮುಚ್ಚಳ ತಗದರ ಸಾಕು ಕೊಳ್ಳು ಮಡಚಿ ನಿಲ್ಲತಾಳ
ಬಾಕಿ ವಸೂಲಿಗೆ ಬಂದಾಕಿ ಹಂಗ.
ವಿಯೆಟ್ನಾಮಿನ ಹಸರಿಗೆ ಮೂಗಿನ ತುದಿಗೆ ಕೊಂಬು,
ಬಿಸಿ ಏರಿದರ ಉಪವಾಸ ಕೂಡತೈತಿ.
ರಶ್ಯಾದ ಕರಿಯಗ ಚಳಿಗಾಲ ಇಲ್ಲದಿದ್ದರ
ಸಂಸಾರದ ನೆನಪು ಬರಂಗಿಲ್ಲಂತ;
ಅದಕ್ಕಂತ ಒಂದು ಫ್ರಿಜ್ಜು, ಮೂರು ತಿಂಗಳ ನಿದ್ದಿ.
ನೀಲಿಗಣ್ಣಿನ ಬಿಳೀದು ಲೂಲು.
ಲೂಲು ಅಂದರ ಮುತ್ತು.
ಅವರ ಅಜ್ಜ ಮೂಗಿಗೆ ಚಿಮಟ ಹಾಕಿಕೊಂಡು
ಸಮುದ್ರದ ತಳಕ್ಕ ಇಳೀತಿದ್ದನಂತ.
ನಮಗ ಅದು ಅಂಗಡಿ ಹೆಸರು.
ಉಳಿದೆರಡಕ್ಕ ಇನ್ನೂ ನಂಬರು ಅಷ್ಟ.

ಅಪ್ಪಗ ಫೋನಿನಾಗ ಹೇಳಿದೆ.
ಕಾರಟಗಿ ರೈಸ್ ಮಿಲ್ಲಿನಾಗ ಹಮಾಲಿ ಮಾಡಿದಾಂವ,
ಬಾಳ ಹೊತ್ತು ನಕ್ಕ.
"ನಮ್ಮ ಗೋದಾಮಿನ ಕೇರಿ
ಪಗಾರ ಕೇಳದ ಇಲಿ ಹಿಡೀತಿತ್ತು.
ನೀ ಪಗಾರ ತಗೊಂಡು ಇಲಿ ಕೊಡತೀಯಲ್ಲೋ ಮರ್ದಾನ!"

ಆಗಸ್ಟಿನ ಒಂದು ರಾತ್ರಿ ಓಣಿ ಕರೆಂಟು ಹೋತು.
ಬು ಜಾಸಿಮರು ಮದೀನಾದಾಗ.
"ಒಯ್ಯಿ, ಎಲ್ಲಾದರೂ ಥಂಡಿ ಇದ್ದಲ್ಲಿ ಒಯ್ಯಿ."
ದನಿ ನಡಗತಿತ್ತು.

ಏಳು ದಿಂಬಿನ ಗೌಸು, ಏಳು ಗಂಟು.
ಪಿಕಪ್ಪಿನ ಶಫೀಕುಲ್ ಕೇಳಿದ, ಏನದು?
ಮಾವಿನಹಣ್ಣು ಅಂದೆ.
ಒಂದು ಹಣ್ಣು ಹೊಳ್ಳಿ ಮಲಗಿತು.
ಆಮ್ಯಾಲ ಅಂವ ಮಾತಾಡಲಿಲ್ಲ.

ಸಲ್ಮಾಬಾದಿನ ಕ್ಯಾಂಪು, ಎಂಟು ಮಂದಿಗೆ ಒಂದು ಖೋಲಿ.
ಹಾವಿಗೆ ತಲಿಗೊಂದು ಪೆಟ್ಟಿಗಿ ಅನ್ನೂದು
ಆಗ ನೆನಪಾತು.
ನರಸಯ್ಯ ಮ್ಯಾಲಿನ ಮಂಚಕ್ಕ ಹತ್ತಿ
ಕಾಲು ಮಡಚಿಕೊಂಡು ಕುಂತ.
ಬಾಪ್ಪುಟ್ಟಿ ಅಂದ, "ಕೇರೆ ತಿನ್ನೋರ ಊರಿಗೆ ಹೋದರ..."
"ನಡುಮುರಿ ನನಗಿರಲಿ ಅನಬೇಕು," ನಾ ಮುಗಿಸಿದೆ.
ಮಲಬಾರಿನಾಗೂ ಈ ಗಾದಿ ಐತಂತ.

ಖೋಲಿ ಮೂವತ್ತೈದು ಡಿಗ್ರಿ.
ಎರಡು ತಿಂಗಳಿಂದ ನಮ್ಮ ಎ.ಸಿ.ಯಾಗ ಗ್ಯಾಸಿಲ್ಲ.
ನಾ ಎ.ಸಿ. ಮೆಕ್ಯಾನಿಕ್.
ದಿನಾ ಮಂದೀ ಮನಿಗೆ ಗ್ಯಾಸು ತುಂಬತೀನಿ,
ಕಂಪನಿ ಸಿಲಿಂಡರು, ಕಂಪನಿ ಲೆಕ್ಕ.
ನಮ್ಮ ಅರ್ಜಿ ಆಫೀಸಿನ ಟ್ರೇದಾಗ.

ಎಂಟು ಮಂದೀ ಬೆವರಿಗೆ ಎದ್ದು ಹೋಗದ ಕೈ
ಅವತ್ತು ಎದ್ದು ಹೋತು.
ಪಿಕಪ್ಪಿನಿಂದ ಸಿಲಿಂಡರು ಇಳಿಸಿದೆ.
ನರಸಯ್ಯ ಇಳದು ಬಂದು ಬ್ಯಾಟರಿ ಹಿಡದ.
ಗೇಜಿನ ಮುಳ್ಳು ಮೆಲ್ಲಕ ಏರಿತು.
ಖೋಲಿ ಉಸರು ಬಿಟ್ಟಿತು.

ಗೌಸುಗಳನ್ನ ನಡುವ ಸಾಲಾಗಿಟ್ಟು
ಸುತ್ತಲೂ ನಾವು ಹೊದ್ದು ಮಲಗಿದ್ವಿ.
ಹೊದ್ದು! ಆಗಸ್ಟಿನಾಗ!
ನಸುಕಿಗೆ ನೋಡಿದರ ನರಸಯ್ಯ ಕೆಳಗ ನೆಲದ ಮ್ಯಾಲ,
ಲೂಲುವಿನ ಗಂಟಿನ ಮ್ಯಾಲ ಅಂಗೈ.
"ಉಸರಾಡತೈತಿ," ಅಂದ, ನನ್ನ ಕನ್ನಡದಾಗ.

ತಿಂಗಳ ಕೊನಿಗೆ ಸಿಲಿಂಡರಿನ ತೂಕ ತಾಳ ಆಗಲಿಲ್ಲ.
ಕ್ಯಾಂಪಿನ ಇನ್‌ಚಾರ್ಜ್ ಬಾಗಲಾಗ ನಿಂತ.
ಯಾರಿಗೆ ತುಂಬಿದಿ?
ಏಳು ಮಂದಿ ನನ್ನ ಮಾರಿ ನೋಡಿದ್ರು.
"ಕೇರಿ," ಅಂದೆ.
ಅಂವ ರಿಜಿಸ್ಟರ್ ತಗದು
ಗಿರಾಕಿ ಹೆಸರಿನ ಮನ್ಯಾಗ ಬರಕೊಂಡ.